ತಣ್ಣಗಾಗದ ಹರವಿ

ಅಕ್ಕನ ಹರವಿಯಲ್ಲಿ ನೀರು ತಣ್ಣಗಾಗುತ್ತಿಲ್ಲ ಎಂದು ಮೊದಲ ಸಲ ಕೇಳಿದಾಗ ನಾನು ಬೈದದ್ದು ಕುಂಬಾರನನ್ನು.

"ಮಣ್ಣಾಗ ಏನ ಬೆರಸ್ಯಾನೋ ಏನೋ. ಸರಿಯಾಗಿ ಸುಟ್ಟಿರಂಗಿಲ್ಲ" ಎಂದೆ.

"ಹಳೇ ಹರವೀನೂ ಹಂಗ ಐತಿ" ಎಂದಳು ಅಕ್ಕ ದ್ಯಾಮವ್ವ. "ನಮ್ಮ ಅತ್ತಿ ಕಾಲದ್ದು. ಹೊರಗ ಮುಟ್ಟಿದ್ರ ಹಸಿ ಐತಿ, ಒಳಗ ಕೈ ಇಟ್ರ ಬೆಚ್ಚಗ ಐತಿ. ಕುಂಬಾರ ಏನ ಮಾಡ್ಯಾನ ಪಾಪ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹುಸೇನಬೀ ಅಲ್ಲಿಂದಲೇ ಕೂಗಿದಳು. ಅಕ್ಕನೂ ಅವಳೂ ಕೂಡಿ ನಡೆಸುವ ರೊಟ್ಟಿ ಕೇಂದ್ರ ಅದು.

"ಮೇಡಮ್ಮಾರ, ನಿಮ್ಮ ಕೀಲಿ ನೀರು ಕೆರಿ ಬಿಟ್ಟ ಹೋಗವಲ್ದು, ಅರಿವಿ ಬಿಟ್ಟ ಹೋಗವಲ್ದು. ಅದಕ್ಕ ಮನಿ ಅಳ್ಯಾನ ಗುಣ ಬಂದೈತ್ರಿ. ಬಂದ ಕುಂತ್ರ ಏಳಂಗಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಿವರಾತ್ರಿ ಕಳೆದಿತ್ತು. ಮರಳಿಗುಂದದ ಬಿಸಿಲು ಇನ್ನೂ ಪೂರ್ತಿ ಹಲ್ಲು ತೋರಿಸಿರಲಿಲ್ಲ.

ಆ ನೀರಿಗೆ ಕೀಲಿ ಹಾಕಿದವರಲ್ಲಿ ನಾನೂ ಒಬ್ಬಳು. ಹೇಗೆ ಹಾಕಿದೆವು ಎಂಬುದನ್ನು ನಮ್ಮ ಪ್ರಬಂಧಗಳ ಭಾಷೆಯಲ್ಲಿ ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ನೇರವಾಗಿ ಹೇಳುತ್ತೇನೆ.

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ. ಒಂದು ಅಣುವಿನ ಜಲಜನಕವು ಪಕ್ಕದ ಅಣುವಿನ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಇದು ಜಲಜನಕ ಬಂಧ. ಗಟ್ಟಿ ಹಿಡಿತವಲ್ಲ, ಹಿಡಿದದ್ದನ್ನು ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಕೋಟಿ ಸಲ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರುತ್ತದೆ. ಹಾಗೆ ಬಿಡುವುದರಿಂದಲೇ ನೀರು ಹರಿಯುತ್ತದೆ, ಆರುತ್ತದೆ. ಆರು ಅಣುಗಳು ಒಂದೆಡೆ ಸೇರಿದರೆ ಉಂಗುರದಂತೆ ಕೂರಬಹುದು, ತೆರೆದಿಟ್ಟ ಪುಸ್ತಕದಂತೆ ಕೂರಬಹುದು, ಪಂಜರದಂತೆಯೂ ಕೂರಬಹುದು. ಇವನ್ನು ಕಣ್ಣಿನಿಂದ ಕಾಣಲಾಗುವುದಿಲ್ಲ. ನೀರಿನ ತುಂತುರನ್ನು ಆರ್ಗಾನ್ ಅನಿಲದ ಜೊತೆ ಸೂಜಿಮೊನೆಯಂಥ ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಬೇಕು. ಚಿಮ್ಮಿದ ಕೂಡಲೇ ಅದು ಊಹಿಸಲಾಗದಷ್ಟು ತಣ್ಣಗಾಗುತ್ತದೆ, ಸಣ್ಣ ಗುಂಪುಗಳು ಇದ್ದ ಹಾಗೆಯೇ ನಿಂತುಬಿಡುತ್ತವೆ. ಆಗ ಅವುಗಳ ಮೂಲಕ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಬೇಕು. ಒಂಟಿ ಜಲಜನಕ ಒಂದು ವೇಗದಲ್ಲಿ ನಡುಗುತ್ತದೆ, ಪಕ್ಕದವರನ್ನು ಹಿಡಿದುಕೊಂಡದ್ದು ಅದಕ್ಕಿಂತ ನಿಧಾನವಾಗಿ. ಯಾವುದು ಎಷ್ಟು ಬೆಳಕು ಕುಡಿಯಿತು ಎಂಬುದು ರೋಹಿತ ಎಂಬ ಬೆಳಕಿನ ನಕ್ಷೆಯ ಗೆರೆಯಲ್ಲಿ ದಿಬ್ಬವಾಗಿ ಮೂಡುತ್ತದೆ. ಉಂಗುರಕ್ಕೆ ಒಂದು ಕಡೆ ದಿಬ್ಬ, ಪಂಜರಕ್ಕೆ ಇನ್ನೊಂದು ಕಡೆ.

ಈ ಕೆಲಸದ ಯಂತ್ರವನ್ನು ಕಟ್ಟಿದವಳು ನಾನು. ಪಂಜರ ಬಿಚ್ಚಿಕೊಳ್ಳದಂತೆ ಮಾಡುವ ಬೆಳಕನ್ನು ಕಂಡುಹಿಡಿದವನು ಗುರುಶಾಂತ. ಆ ಬೆಳಕು ಬಿದ್ದರೆ ಆರು ಅಣುಗಳ ಪಂಜರ ತಿಂಗಳುಗಟ್ಟಲೆ ಕೈ ಬಿಡುವುದಿಲ್ಲ. ಕೈ ಬಿಡದ ನೀರು ಆವಿಯಾಗುವುದಿಲ್ಲ.

ಬೇಸಿಗೆಯ ಮೂರು ತಿಂಗಳು ಕೆರೆಯ ನೀರನ್ನೆಲ್ಲ ಸೂರ್ಯನೇ ಕುಡಿಯುವ ಊರಿನಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಗುರುಶಾಂತ ನನ್ನ ಊರಿನವನೇ. ಒಂದೇ ಸಾಲಿ, ಒಂದೇ ಬೆಂಚು. ಸಾಲಿಗೆ ಹೋಗುವ ಮುಂಚೆ ಅವನು ನಮ್ಮ ಮನೆಗೆ ಬರುತ್ತಿದ್ದ. ಅಕ್ಕ ಇಬ್ಬರಿಗೂ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮಡಿಚಿ ಕೊಡುತ್ತಿದ್ದಳು. ಅವನು ಅವಳೆದುರು ಬೊಗಸೆ ಒಡ್ಡಿ ಕೂರುವನು, ಅವಳು ತಂಬಿಗೆಯಿಂದ ನೀರು ಸುರಿಯುವಳು, ಕುಡಿದು ಮೂಗು ಒರೆಸಿಕೊಂಡು ಓಡುವನು. ಮುಂದೆ ಇಬ್ಬರೂ ಓದಿದೆವು, ಊರೂರು ಅಲೆದೆವು, ಕೊನೆಗೆ ನಮ್ಮ ಮರಳಿಗುಂದದ ಗುಡ್ಡದ ಮೇಲೆಯೇ ಪ್ರಯೋಗಾಲಯ ಬಂದಾಗ ಇಬ್ಬರೂ ಊರಿಗೆ ಮರಳಿದೆವು. ಅವನು ಮುಖ್ಯಸ್ಥ, ನಾನು ರೋಹಿತ ವಿಭಾಗದವಳು. ಹೊರಗಿನವರ ಮುಂದೆ ಅವನು ನನಗೆ ಡಾಕ್ಟರ್ ಈರಮ್ಮ ಎನ್ನುತ್ತಿದ್ದ. ಒಳಗೆ ಬಂದರೆ ಈರಿ. ನಾನು ಸಿಟ್ಟಿನಲ್ಲಿದ್ದರೆ ಅವನು ಗುರ್ಯಾ. ನಾನು ಬಹುಮಟ್ಟಿಗೆ ಸಿಟ್ಟಿನಲ್ಲೇ ಇರುತ್ತಿದ್ದೆ.

ಕೆರೆಯ ಸುತ್ತ ಆ ಬೆಳಕಿನ ದೀಪದ ಕಂಬ ನಿಲ್ಲಿಸುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳಿದ್ದೆ.

"ಈ ನೀರು ಹೊಟ್ಟಿಗೆ ಹೋದಮ್ಯಾಲೆ ಕೀಲಿ ಬಿಚ್ಚತೈತೋ ಇಲ್ಲೋ?"

"ಬಿಚ್ಚತೈತಿ. ಮೈಯಾಗಿನ ಉಪ್ಪು, ಹುಳಿ ಎಲ್ಲಾ ಕೂಡಿ ಪಂಜರ ಒಡೀತಾವ."

"ಒಡೀತಾವ ಅಂತ ನೀ ಹೇಳಿದ್ರ ಆತೇನು? ನೋಡಬೇಕು."

ನೋಡಿದೆವು. ಪ್ರಯೋಗಾಲಯದ ಕೆಲವರು ತಿಂಗಳೊಪ್ಪತ್ತು ಕೀಲಿ ನೀರನ್ನೇ ಕುಡಿದರು. ಅವರ ಬೆವರನ್ನು ಹತ್ತಿಯಿಂದ ಒರೆಸಿ, ಹಿಂಡಿ, ನನ್ನ ಯಂತ್ರಕ್ಕೆ ಹಾಕಿದೆವು. ಬೆವರಿನಲ್ಲಿ ಪಂಜರ ಉಳಿದಿದ್ದರೆ ದಿಬ್ಬ ಏಳಬೇಕು. ಏಳಲಿಲ್ಲ. ಗೆರೆ ನೆಲದಂತೆ ಸಮವಾಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕೆಂದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ನನ್ನ ಯಂತ್ರ ನೇರವಾಗಿ ಏನನ್ನೂ ತೋರಿಸುವುದಿಲ್ಲ. ಮೊದಲು ಸಾದಾ ನೀರನ್ನು ಚಿಮ್ಮಿಸಿ ಒಂದು ಗೆರೆ ತೆಗೆಯಬೇಕು. ಅದಕ್ಕೆ ಹಿನ್ನೆಲೆ ಎನ್ನುತ್ತೇವೆ. ಆಮೇಲೆ ಬರುವ ಪ್ರತಿ ಗೆರೆಯಿಂದಲೂ ಯಂತ್ರ ಆ ಹಿನ್ನೆಲೆಯನ್ನು ಕಳೆದು, ಉಳಿದದ್ದನ್ನು ಮಾತ್ರ ತೋರಿಸುತ್ತದೆ. ಸಾದಾ ನೀರಿನಲ್ಲಿ ಇಲ್ಲದ್ದು ಬೆವರಿನಲ್ಲಿ ಇದ್ದರೆ ಕಾಣುತ್ತದೆ. ಎರಡರಲ್ಲೂ ಇದ್ದದ್ದು ಕಾಣುವುದಿಲ್ಲ. ನಮ್ಮಲ್ಲಿ ರೂಢಿ ಹೇಗೆಂದರೆ, ಬೆಳಿಗ್ಗೆ ಮೊದಲು ಬಂದವರು ಹಿನ್ನೆಲೆ ತೆಗೆಯಬೇಕು. ಇಡೀ ದಿನ ಎಲ್ಲರೂ ಅದನ್ನೇ ಬಳಸಬೇಕು. ನೀನು ತೆಗೆದ ಹಿನ್ನೆಲೆ ಸರಿ ಇದೆಯೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದವರ ಕೈ ತೊಳೆದಿತ್ತೇ ಎಂದು ಕೇಳುತ್ತೇವೆಯೇ?

ಆ ಪರೀಕ್ಷೆ ನಡೆದಷ್ಟೂ ದಿನ ಮೊದಲು ಬಂದವನು ಗುರುಶಾಂತ.

"ಏನಪಾ ಮುಖ್ಯಸ್ಥಾ, ಹೆಂಡತಿ ಮನ್ಯಾಗ ನಿಲ್ಲಗೊಡವಲ್ಲಳೇನು?" ಎಂದು ನಾನು ಚೇಷ್ಟೆ ಮಾಡಿದ್ದೆ.

"ನಿನ್ನ ಕೆಲಸ ಹಗರ ಮಾಡೂಣಂತ" ಎಂದಿದ್ದ.

ವರದಿ ಬರೆಯುವಾಗ ತನ್ನ ಸಹಿ ಹಾಕಲಿಲ್ಲ. "ಯಂತ್ರ ನಿಂದು, ಮಾನ ನಿಂದು. ನಾ ನಡಬರಕ ಯಾಕ?" ಎಂದ. ನಾನು ಹೆಮ್ಮೆಯಿಂದ ಅವನ ಪೆನ್ನನ್ನೇ ಇಸಿದುಕೊಂಡೆ. ಸಹಿ ಹಾಕಿದೆ.

ಮಳೆಗಾಲ ಮುಗಿದು ಕೆರೆ ತುಂಬಿದಾಗ ಕಂಬಗಳು ಹೊತ್ತಿಕೊಂಡವು. ಉದ್ಘಾಟನೆಗೆ ಊರೆಲ್ಲ ಬಂದಿತ್ತು, ಆದರೆ ಕೀಲಿ ನೀರು ಕುಡಿಯಲು ಯಾರೂ ಮುಂದೆ ಬರಲಿಲ್ಲ. ಆಗ ಗುರುಶಾಂತ ವೇದಿಕೆಯಿಂದಿಳಿದು ಅಕ್ಕನ ಮುಂದೆ ಲೋಟ ಹಿಡಿದ. ಅಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಗಟಗಟ ಕುಡಿದು ಲೋಟ ಬೋರಲು ಹಾಕಿ ಜನರಿಗೆ ತೋರಿಸಿದಳು. "ನಮ್ಮ ತಂಗಿ ನೋಡ್ಯಾಳ. ಕುಡೀರಿ" ಎಂದಳು. ಊರು ಕುಡಿಯಿತು.

ಚಳಿಗಾಲ ಸುಖವಾಗಿ ಕಳೆಯಿತು. ಕೆರೆಯ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವುದು ನಿಂತಿತು. ತೊಂದರೆ ಇರಲಿಲ್ಲ ಎಂದಲ್ಲ. ಒಗೆದ ಅರಿವಿ ಆರಲು ಎರಡು ಮೂರು ದಿನ ಬೇಕಾಗುತ್ತಿತ್ತು. ಜನ ಇಸ್ತ್ರಿ ಪೆಟ್ಟಿಗೆ ಕೊಂಡರು. ಮಾಳಿಗೆಯ ಮೇಲೆ ಇಟ್ಟ ಸಂಡಿಗೆ ಬೂಸಲು ಹಿಡಿಯಿತು. ಹೆಂಗಸರು ಪಕ್ಕದೂರಿನ ತವರಿಗೆ ಹೋಗಿ ಸಂಡಿಗೆ ಹಾಕಿ ಬಂದರು. ಇವೆಲ್ಲ ನಾವು ಮೊದಲೇ ಹೇಳಿದ್ದ ತೊಂದರೆಗಳು. ಕುದಿಸಿದರೆ ಪಂಜರ ಒಡೆಯುತ್ತದೆ, ಆದ್ದರಿಂದ ಅಡಿಗೆಗೆ ಏನೂ ಬಾಧಕವಿಲ್ಲ. ರೊಟ್ಟಿಯ ಹಿಟ್ಟು ಬಿಸಿನೀರಿನಲ್ಲೇ ನಾದುವುದು. ರೊಟ್ಟಿ ಚೆನ್ನಾಗಿಯೇ ಬರುತ್ತಿತ್ತು.

ಹರವಿಯ ಮಾತನ್ನು ನಾನು ಗುರುಶಾಂತನಿಗೆ ಹೇಳಿದೆ. ಅವನ ಕೋಣೆಯಲ್ಲಿ ಗೋಡೆಯ ತುಂಬ ನಕ್ಷೆ. ಕಂಬ ಕೇಳಿದ ಊರುಗಳಿಗೆಲ್ಲ ಹಸಿರು ಚುಕ್ಕೆ.

"ಹರವಿ ತಣ್ಣಗಾಗೂದು ನೀರು ಜಿನುಗಿ ಆರಿದ್ರ. ಇದು ಜಿನುಗತೈತಿ, ಆರಂಗಿಲ್ಲ. ಗೊತ್ತಿದ್ದ ಮಾತ ಅಲ್ಲೇನು?" ಎಂದ.

"ನಾವು ಜನಕ್ಕ ಹೇಳಿರಲಿಲ್ಲ."

"ಹರವಿ ಬಗ್ಗೆ ಯಾರ ಕೇಳತಾರ ಈರಿ? ಅಕ್ಕಗ ತಣ್ಣೀರು ಬೇಕು, ಹೌದಿಲ್ಲೋ? ನಾ ನೋಡ್ಕೋತೀನಿ."

ಎರಡು ದಿನ ಬಿಟ್ಟು ಅಕ್ಕನ ಮನೆಗೆ ಹೊಸ ಫ್ರಿಜ್ ಬಂತು. ಕೆಂಪು ಬಣ್ಣದ್ದು. ಅಕ್ಕ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. "ಹೊಟ್ಟ್ಯಾಗ ಹುಟ್ಟಿದಾಂವ ಸುದ್ದಾ ಇಷ್ಟ ಮಾಡಂಗಿಲ್ಲ" ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಬಿಸಿಲು ಏರಿತು. ಯುಗಾದಿಯ ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಹಬ್ಬದ ದಿನವೂ ಖಾನಾವಳಿಗಳಿಗೆ ರೊಟ್ಟಿ ಬೇಕು. ಹಣೆ, ಕುತ್ತಿಗೆ, ತೋಳು ಎಲ್ಲ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಕುಪ್ಪಸ ಮೈಗೆ ಅಂಟಿತ್ತು. ಫ್ಯಾನು ತಲೆಯ ಮೇಲೆಯೇ ತಿರುಗುತ್ತಿತ್ತು.

"ಯಾಕಬೇ ಯಕ್ಕಾ, ಮುಖ ಕೆಂಪಗಾಗೈತಿ?"

"ಏನೋ ತಂಗಿ, ಬೆವರು ಬರತೈತಿ, ಆರವಲ್ದು. ಫ್ಯಾನ ಗಾಳಿ ಬಡದ್ರೂ ತಂಪ ಅನ್ಸವಲ್ದು. ತಲಿ ದಿಮ್ ಅಂತೈತಿ."

"ಎದ್ದ ಬಾ, ಮಲಕೋ."

"ಇವಿಷ್ಟ ಬಡದ ಏಳತೀನಿ. ನೀ ಹೋಗು, ಗುರುಶಾಂತನ ಮನಿಗೆ ಬೇವು ಬೆಲ್ಲ ಕೊಟ್ಟ ಬಾ."

ಹುಸೇನಬೀಗೆ ಅವಳನ್ನು ಎಬ್ಬಿಸಿ ಮಲಗಿಸುವಂತೆ ಹೇಳಿ ಹೊರಟೆ. ದಾರಿಯಲ್ಲಿ ನನ್ನ ಕುತ್ತಿಗೆಯ ಬೆವರನ್ನೂ ಮುಟ್ಟಿ ನೋಡಿಕೊಂಡೆ. ಅದೂ ಆರಿರಲಿಲ್ಲ. ಆದರೆ ನನ್ನ ಯಂತ್ರ ಸಮ ಗೆರೆ ತೋರಿಸಿತ್ತು. ಆ ಗೆರೆಯನ್ನು ನಾನೇ ನೋಡಿದ್ದೆ.

ಗುರುಶಾಂತ ಮನೆಯಲ್ಲಿರಲಿಲ್ಲ, ಯಾರನ್ನೋ ಬೀಳ್ಕೊಡಲು ಸ್ಟೇಷನ್ನಿಗೆ ಹೋಗಿದ್ದ. ಅವನ ಹೆಂಡತಿ ಸುವರ್ಣಾ ಬೇವು ಬೆಲ್ಲ ಕೊಟ್ಟಳು. "ಎಷ್ಟ ಬಿಸಲಾಗ ಬಂದೀರಿ, ನೀರ ಕುಡೀರಿ" ಎಂದು ಮೂಲೆಯಲ್ಲಿ ಮರಳ ಮೇಲೆ ಕೂರಿಸಿದ್ದ ಹರವಿಯಿಂದ ಲೋಟ ತುಂಬಿ ತಂದಳು.

ಕುಡಿದೆ. ಹಲ್ಲು ಜುಮ್ಮೆಂದಿತು. ಚಿಕ್ಕಂದಿನಲ್ಲಿ ಕುಡಿದಂಥ ತಣ್ಣೀರು, ಮಣ್ಣಿನ ವಾಸನೆಯ ನೀರು.

ಲೋಟವನ್ನು ಹಾಗೇ ಹಿಡಿದುಕೊಂಡು ಕೇಳಿದೆ. "ಸುವರ್ಣಾ, ನಿಮ್ಮ ಮನೀಗೆ ಎಲ್ಲಿ ನೀರು?"

"ಕೆರೀದ ರೀ. ನಳದಾಗ ಬರತಾವಲ್ಲ."

"ಇಷ್ಟ ತಣ್ಣಗ ಹೆಂಗದಾವ?"

"ನಾವು ಕಾಸಿ, ಆರಿಸಿ, ಆಮ್ಯಾಲ ಹರವೀಗೆ ಹಾಕತೀವ್ರಿ. ಕಂಬ ಹಚ್ಚಿದಾಗಿಂದ ನಮ್ಮವರು ಕಾಸದ ನೀರು ಮನ್ಯಾಗ ಯಾರಿಗೂ ಮುಟ್ಟಗೊಡಂಗಿಲ್ಲ. ಹೊರಗ ಹೋದ್ರೂ ಬಾಟ್ಲಿ ತುಂಬಕೊಂಡೇ ಹೋಗೂದು. ನಿಮ್ಮನ್ಯಾಗೂ ಹಂಗ ಅಲ್ಲೇನ್ರಿ? ನೀವು ಅದ ಆಫೀಸಿನವರು..."

ಅವಳು ಪಾಪ, ಸಹಜವಾಗಿ ಕೇಳಿದ್ದಳು. ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ನಾನು ಲೋಟವನ್ನು ಅವಳ ಕೈಗೂ ಕೊಡದೆ ಹೊಸ್ತಿಲ ಮೇಲಿಟ್ಟು ಹೊರಟೆ.

ಹಬ್ಬದ ರಜೆ. ಗುಡ್ಡದ ಮೇಲೆ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ನಿರ್ವಾತದ ಪಂಪು ಮಾತ್ರ ಯಾವಾಗಲೂ ಓಡುತ್ತಿರುತ್ತದೆ. ಕಪಾಟಿನಲ್ಲಿ ಹಿನ್ನೆಲೆಗೆಂದೇ ಇಟ್ಟ ದೊಡ್ಡ ಗಾಜಿನ ಬಾಟಲಿ ಇತ್ತು. ಭಟ್ಟಿ ಇಳಿಸಿದ ಶುದ್ಧ ನೀರು ಎಂದು ನಾವೆಲ್ಲ ನಂಬಿದ್ದ ಬಾಟಲಿ. ಅದರಿಂದಲೇ ಹಿನ್ನೆಲೆ ತೆಗೆದೆ. ಆಮೇಲೆ ನನ್ನ ಕುತ್ತಿಗೆ, ತೋಳು ಒರೆಸಿದ ಹತ್ತಿಯನ್ನು ಹಿಂಡಿ, ಬಂದಷ್ಟು ಬೆವರನ್ನು ಚಿಮ್ಮಿಸಿದೆ. ಪರದೆಯ ಮೇಲೆ ಗೆರೆ ಹರಿಯಿತು. ಸಮ. ನೆಲದಂತೆ ಸಮ.

ಆಮೇಲೆ ನಾನೇ ನೀರು ಕುದಿಸಿದೆ. ಭಟ್ಟಿ ಇಳಿಸಿದೆ, ಆರಿಸಿದೆ. ಅದರಿಂದ ಹೊಸ ಹಿನ್ನೆಲೆ ತೆಗೆದು, ಅದೇ ಬೆವರನ್ನು ಮತ್ತೆ ಚಿಮ್ಮಿಸಿದೆ.

ದಿಬ್ಬ ಎದ್ದಿತು. ಎಲ್ಲಿ ಏಳಬೇಕೋ ಅಲ್ಲೇ, ಪಂಜರದ ಜಾಗದಲ್ಲಿ, ಗೋಪುರದ ಹಾಗೆ.

ಬಾಟಲಿಯಲ್ಲಿದ್ದದ್ದು ಕೀಲಿ ನೀರು. ಕೀಲಿ ನೀರಿನಿಂದಲೇ ಹಿನ್ನೆಲೆ ತೆಗೆದರೆ, ಬೆವರಿನಲ್ಲಿ ಎಷ್ಟು ಪಂಜರವಿದ್ದರೂ ಯಂತ್ರ ಅದನ್ನು ಕಳೆದುಹಾಕುತ್ತದೆ. ನಾನು ಹೆತ್ತ ಮಗುವಿನಂತೆ ಕಟ್ಟಿದ ಯಂತ್ರ ಸುಳ್ಳು ಹೇಳಿರಲಿಲ್ಲ. ಅದರ ಬಾಯಿಗೆ ಸುಳ್ಳು ತುರುಕಿದ್ದರು.

ಬಾಗಿಲು ತೆರೆಯಿತು. ಗುರುಶಾಂತ. ಸುವರ್ಣಾ ಫೋನು ಮಾಡಿದ್ದಳೆಂದು ಕಾಣುತ್ತದೆ. ಹಬ್ಬದ ರೇಷ್ಮೆ ಅಂಗಿಯಲ್ಲೇ ಏದುಸಿರು ಬಿಡುತ್ತ ಬಂದಿದ್ದ. ಪರದೆ ನೋಡಿದ.

"ಬಾಟ್ಲಿ ಬದಲಿ ಮಾಡಿದವ ಯಾರಲೇ ಗುರ್ಯಾ?"

"ಈರಿ, ಕುಂದ್ರು. ಸಮಾಧಾನ ಮಾಡ್ಕೊಂಡ ಕೇಳು."

"ಯಾರು?"

"ನಾನ." ಅವನು ಸ್ಟೂಲು ಎಳೆದುಕೊಂಡು ಕೂತ. "ಮೊದಲ್ನೇ ದಿನಾನ ದಿಬ್ಬ ಬಂದಿತ್ತು. ನೀ ಬರೂಕಿಂತ ಮೊದಲ ನೋಡಿದ್ನಿ. ಕಾಸಿ ಕುಡೀರಿ ಅಂತ ಒಂದ ಸಾಲು ಬರದ್ರ ಎಲ್ಲಾ ಮುಗೀತಿತ್ತು. ಕಾಸಿ ಕುಡಿಯೂ ನೀರಿಗೆ ಯಾವ ಊರು ಕಂಬ ಹಾಕಸ್ಕೋತೈತಿ? ಬ್ಯಾಸಿಗಿ ಬರೂದ್ರಾಗ ನಳದ ಬಾಯಾಗ ಕೀಲಿ ತಗಿಯೂ ದೀಪ ತಯಾರ ಮಾಡೂಣು ಅಂದ್ಕೊಂಡಿದ್ನಿ. ಆಗಲಿಲ್ಲ. ಇನ್ನೊಂದೀಟ ದಿನ..."

"ಒಂದ ಸಾಲು! ನಿನ್ನ ಹೆಂಡತಿಗೆ ಹೇಳೀದಿ. ದ್ಯಾಮವ್ವಗ ಫ್ರಿಜ್ಜ ಕಳಿಸಿದಿ!"

"ತಣ್ಣೀರು ಕುಡದ್ರ ಸ್ವಲ್ಪರ ತಡೀಲಿ ಅಂತ..."

"ನನಗ ಹೇಳಲಿಲ್ಲ. ನಾನೂ ಕುಡದೆ. ದಿನಾ ನಿನ್ನ ಎದುರಿಗೆ ಕುಂತ ಕುಡದೆ."

ಅವನು ನೆಲ ನೋಡಿದ. ಮತ್ತೆ ತಲೆ ಎತ್ತಿದಾಗ ದನಿ ಬದಲಾಗಿತ್ತು. ವೇದಿಕೆಯ ಮೇಲಿನ ದನಿ.

"ನೀವು ಇದನ್ನು ಹೊರಗೆ ಹೇಳಿದರೆ ವರದಿಯ ಮೇಲೆ ಇರುವ ಸಹಿ ಯಾರದು ಎಂದು ಮೊದಲು ಕೇಳುತ್ತಾರೆ, ಈರಮ್ಮ. ಯಾರು ಕೂತರೂ ಯಂತ್ರ ತೆರೆಯುವುದು ನಿಮ್ಮ ಹೆಸರಿನಲ್ಲೇ. ಹಿನ್ನೆಲೆಯೂ ನಿಮ್ಮದೇ ಎನ್ನುತ್ತಾರೆ. ವಿಚಾರ ಮಾಡಿ."

ಯಂತ್ರ ನಿಂದು, ಮಾನ ನಿಂದು. ಅವತ್ತು ಅವನ ಪೆನ್ನನ್ನೇ ಇಸಿದುಕೊಂಡದ್ದು ನೆನಪಾಯಿತು. ಕೈಗೆ ಸಿಕ್ಕ ಆ ಬಾಟಲಿಯನ್ನು ಎತ್ತಿ ಅವನ ಕಾಲ ಬುಡಕ್ಕೆ ಒಗೆದೆ. ಗಾಜು ಚೂರಾಯಿತು. ಅವನ ರೇಷ್ಮೆ ಅಂಗಿ ತೊಯ್ದು ತೊಟ್ಟಿಕ್ಕಿತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹುಸೇನಬೀ ಅಳುತ್ತಿದ್ದಳು.

"ಮೇಡಮ್ಮಾರ, ಅಕ್ಕ ಒಲಿ ಮುಂದನ ಬಿದ್ದ ಬಿಟ್ಟಾಳ್ರಿ. ಮೈ ಹಂಚಾಗೈತಿ. ದವಾಖಾನಿಗೆ ಒಯ್ಯಾಕತ್ತೀವಿ. ಲಗೂ ಬರ್ರೀ!"

ದವಾಖಾನೆಯಲ್ಲಿ ಅಕ್ಕ ಕಣ್ಣು ಮೇಲೆ ಮಾಡಿ ಮಲಗಿದ್ದಳು. ನರ್ಸುಗಳು ಹಸಿ ಬಟ್ಟೆಯಿಂದ ಮೈ ಒರೆಸುತ್ತಿದ್ದರು, ಫ್ಯಾನು ಜೋರಾಗಿತ್ತು. ಜ್ವರ ಕಡ್ಡಿ ನೋಡಿದ ಹುಡುಗ ಡಾಕ್ಟರು ಗಾಬರಿಯಾಗಿದ್ದ.

"ಇಷ್ಟೊತ್ತಿಗೆ ಇಳಿಯಬೇಕಿತ್ತು. ಯಾಕೆ ಇಳೀತಿಲ್ಲ ಅಂತ ತಿಳೀತಾ ಇಲ್ಲ."

"ಈ ನೀರು ಆರೂದಿಲ್ರಿ! ಆರದ ನೀರು ಹಚ್ಚಿದ್ರ ಮೈ ಹೆಂಗ ತಣ್ಣಗಾಗತೈತಿ? ಬರಫ ಬೇಕು, ಬರಫ!" ಎಂದು ಕೂಗಿದೆ.

ದವಾಖಾನೆಯಲ್ಲಿ ಬರಫ ಇರಲಿಲ್ಲ. ಹುಸೇನಬೀ ಆಟೋದಲ್ಲಿ ಮನೆಗೆ ಓಡಿ ಆ ಕೆಂಪು ಫ್ರಿಜ್ಜಿನಲ್ಲಿದ್ದ ಬರಫವನ್ನೆಲ್ಲ ಕೊಡದಲ್ಲಿ ತುಂಬಿ ತಂದಳು. ಕಂಕುಳಲ್ಲಿ, ಕುತ್ತಿಗೆಯಲ್ಲಿ, ತೊಡೆಸಂದಿಯಲ್ಲಿ ಇಟ್ಟೆವು. ನನ್ನ ಬೆರಳು ಮರಗಟ್ಟಿದವು. ಸಂಜೆಯ ಹೊತ್ತಿಗೆ ಅಕ್ಕ ನನ್ನ ಹೆಸರು ಹಿಡಿದು ಕರೆದಳು.

ಆ ವಾರ್ಡಿನಲ್ಲಿ ಅವಳೊಬ್ಬಳೇ ಇರಲಿಲ್ಲ. ಕಟ್ಟಡದ ಕೆಲಸದವರು, ಭಟ್ಟಿ ಮುಂದೆ ನಿಲ್ಲುವ ಚುರುಮುರಿಯವರು, ಒಬ್ಬ ಬಸುರಿ. ಎಲ್ಲರ ಮೈಯೂ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಚುರುಮುರಿ ಭಟ್ಟಿಯ ಹುಲಿಗೆಪ್ಪ ಮರುದಿನ ಬೆಳಿಗ್ಗೆ ತೀರಿಕೊಂಡ. ಅವನ ಹೆಣದ ಹಣೆಯ ಮೇಲಿನ ಬೆವರು ಮಣ್ಣಿಗೆ ಒಯ್ಯುವವರೆಗೂ ಆರಿರಲಿಲ್ಲ ಎಂದು ಅವನ ಅಣ್ಣ ಆಮೇಲೆ ಹೇಳಿದ.

ಆ ಬೆಳಿಗ್ಗೆಯೇ ನಾನು ವಾರ್ಡಿನ ನಡುವೆ ನಿಂತು ಹೇಳಿದೆ. ನೀರು ಕಾಸಿ ಕುಡಿಯಿರಿ, ಕಾಸಿದ ನೀರಿನಲ್ಲೇ ಮೈ ಒರೆಸಿ, ಹದಿನೈದು ದಿನಕ್ಕೆ ಮೈಯೊಳಗಿನದೂ ಹೋಗುತ್ತದೆ. ಇದು ಗುರುಶಾಂತನಿಗೆ ಗೊತ್ತಿತ್ತು, ಮುಚ್ಚಿಟ್ಟ.

ಬಸುರಿಯ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕುಡೀರಿ ಅಂತ ಹೇಳಿದವರು ನೀವ. ಕುಡೀಬ್ಯಾಡ್ರಿ ಅನ್ನವರೂ ನೀವ. ಆ ಸಾಹೇಬರು ಫ್ರಿಜ್ಜ ಕೊಟ್ಟಿದ್ದಕ್ಕ ನಿಮ್ಮಕ್ಕ ಉಳದಾಳ. ನೀವೇನ ಕೊಟ್ಟೀರಿ? ಸಹಿ!"

ಪ್ರಯೋಗಾಲಯದಿಂದ ಆಗಲೇ ಪ್ರಕಟಣೆ ಹೊರಟಿತ್ತು: ಈ ಸಾವು ಬಿಸಿಲಿನದು, ಕೆರೆಯ ನೀರು ಸುರಕ್ಷಿತ, ಪರೀಕ್ಷೆಯನ್ನು ಡಾಕ್ಟರ್ ಈರಮ್ಮನವರೇ ನಡೆಸಿದ್ದಾರೆ. ಮೈಕು ಕಟ್ಟಿದ ಆಟೋ ಅದನ್ನು ಓಣಿ ಓಣಿಯಲ್ಲಿ ಒದರುತ್ತಿತ್ತು. ನಾನು ಅಕ್ಕನ ಕಾಲ ಹತ್ತಿರ ಕೂತು ಅವಳಿಗೂ ಎಲ್ಲವನ್ನೂ ಹೇಳಿದೆ. ಬಾಟಲಿ, ಹಿನ್ನೆಲೆ, ಸುವರ್ಣಾಳ ಮನೆಯ ತಣ್ಣನೆಯ ಹರವಿ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ನಾನು ಹೇಳಿದ್ದನ್ನು ಅವಳೂ ನಂಬಲಿಲ್ಲವೇನೋ ಎಂದುಕೊಂಡೆ.

ಮಧ್ಯಾಹ್ನ ಗುರುಶಾಂತ ಬಂದ. ಹಿಂದೆ ನಾಲ್ಕು ಜನ, ಮೂಸಂಬಿ ಹಣ್ಣಿನ ಬುಟ್ಟಿ. ವಾರ್ಡಿನವರು ಎದ್ದು ನಿಂತರು. ಅವನು ನನ್ನ ಕಡೆ ನೋಡದೆ ಅಕ್ಕನ ಹಾಸಿಗೆಯ ಬಳಿ ಬಾಗಿದ.

"ಹೆಂಗದಿ ಯಕ್ಕಾ? ಜೀವಾನ ಹಾರಿತ್ತು ನಂದು."

"ಕುಂದ್ರು ತಮ್ಮಾ" ಎಂದಳು ಅಕ್ಕ. ದನಿ ಸಣ್ಣದಾಗಿತ್ತು. "ಬಿಸಲಾಗ ಬಂದೀ. ಬಾಯಿ ಒಣಗೈತಿ ನೋಡು. ಹುಸೇನಬೀ, ತಮ್ಮಗ ನೀರ ಕೊಡು. ನಳದಾಗಿಂದ ಹಿಡಕೊಂಡ ಬಾ, ಹಸೇ ನೀರು."

ಹುಸೇನಬೀ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಸ್ಟೀಲಿನ ಲೋಟ ತುಂಬಿ ತಂದಳು. ಅಕ್ಕ ಅದನ್ನು ತಾನೇ ಇಸಿದುಕೊಂಡು, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ಅವತ್ತ ನೀ ಹಿಡದಿದ್ದಿ, ನಾ ಕುಡದೆ. ಇವತ್ತ ನಾ ಹಿಡದೀನಿ. ಕುಡಿ."

ಅವನು ಲೋಟ ತೆಗೆದುಕೊಂಡ.

ಒಂದು ಲೋಟದಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಕುಡಿದುಬಿಟ್ಟಿದ್ದರೆ ನನ್ನ ಮಾತು ಅಲ್ಲಿಗೇ ಸತ್ತಿತ್ತು. ನಾನು ಹುಚ್ಚಿ, ಸುಳ್ಳಿ ಆಗಿ ಆ ವಾರ್ಡಿನಿಂದ ಹೊರಬೀಳಬೇಕಿತ್ತು. ಅವನು ಲೋಟವನ್ನು ತುಟಿಯವರೆಗೆ ಒಯ್ದ. ತುಟಿ ಬಿಚ್ಚಲಿಲ್ಲ. ಕಂಬ ಹೊತ್ತಿದ ದಿನದಿಂದ ಆ ನೀರನ್ನು ಹೆಂಡತಿಗೆ ಮುಟ್ಟಗೊಡದವನು, ಹೋದಲ್ಲೆಲ್ಲ ಬಾಟಲಿ ಹೊತ್ತವನು. ತಲೆಗೆ ಗೊತ್ತಿದ್ದದ್ದು ಅವನ ಗಂಟಲಿಗೆ ಗೊತ್ತಿರಲಿಲ್ಲ. ಲೋಟ ಓರೆಯಾಗಿ ನೀರು ಅಂಚಿನಿಂದ ತುಳುಕಿತು.

"ಕುಡೀಯಪಾ" ಎಂದಳು ಅಕ್ಕ. "ಸಾಲಿಗೆ ಹೋಗೂ ಮುಂದ ದಿನಾ ಕುಡೀತಿದ್ದಿಯಲ್ಲ ನನ್ನ ಕೈಲೆ."

ಅವನು ಲೋಟವನ್ನು ಮೆಲ್ಲಗೆ ಸ್ಟೂಲಿನ ಮೇಲೆ ಇಟ್ಟ.

"ನನಗ ನೀರಡಿಕಿ ಇಲ್ಲ ಯಕ್ಕಾ."

ಹೊರಗೆ ಹಕ್ಕಿಯೂ ಹಾರದಂಥ ಬಿಸಿಲು. ಅವನ ತುಟಿ ಒಡೆದಿತ್ತು. ಬಸುರಿಯ ಅತ್ತೆ ಅವನನ್ನು ನೋಡಿದಳು, ಲೋಟವನ್ನು ನೋಡಿದಳು. ಸೊಸೆಯ ತಲೆದಿಂಬಿನ ಬಳಿ ಇದ್ದ ನೀರಿನ ಬಾಟಲಿಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು. ಹಾಗೇ ಹೊರಗೆ ನಡೆದಳು. ಅವಳ ಹಿಂದೆ ಹುಲಿಗೆಪ್ಪನ ಜೊತೆಯ ಭಟ್ಟಿಯವರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕ್ಯಾಂಟೀನಿನ ಹಿಂದಿನಿಂದ ಸ್ಟೋವು ಹೊತ್ತಿದ ಸದ್ದು ಬಂತು, ಪಾತ್ರೆ ಇಟ್ಟ ಸದ್ದು ಬಂತು. ಯಾರೋ ಮೈಕಿನ ಆಟೋವನ್ನು ಗೇಟಿನ ಬಳಿ ತಡೆದು ನಿಲ್ಲಿಸಿ ಜಗಳ ತೆಗೆದಿದ್ದರು.

ಗುರುಶಾಂತನ ಜೊತೆ ಬಂದವರು ಯಾವಾಗ ಹೋದರೋ ತಿಳಿಯಲಿಲ್ಲ. ಅವನು ಇನ್ನೂ ನಿಂತಿದ್ದ. ಏನೋ ಹೇಳಲು ನನ್ನ ಕಡೆ ತಿರುಗಿದ.

"ವಿಚಾರಣಿಗೆ ಕರದ್ರ ಹೋಗತೀನಿ" ಎಂದೆ. "ಸಹಿ ನಂದ ಅಂತೀನಿ. ಬಾಟ್ಲಿ ಯಾರದು ಅಂತನೂ ಅಂತೀನಿ. ನೀ ಇನ್ನ ನಡಿ."

ಅವನು ಹೋದ. ಸ್ಟೂಲಿನ ಮೇಲೆ ಲೋಟದ ಸುತ್ತ ತುಳುಕಿದ ನೀರು ಉಂಗುರವಾಗಿ ನಿಂತಿತ್ತು. ಫ್ಯಾನು ನೇರ ಅದರ ಮೇಲೆಯೇ ಬೀಸುತ್ತಿತ್ತು. ಬಹಳ ಹೊತ್ತು ಅಕ್ಕ ಅದನ್ನೇ ನೋಡುತ್ತಿದ್ದಳು. ಕೊನೆಗೆ ಸೆರಗಿನ ತುದಿಯಿಂದ ಒರೆಸಿ, ಗೋಡೆಯ ಕಡೆ ಹೊರಳಿ ಮಲಗಿದಳು.

"ಈರವ್ವಾ."

"ಹಾಂ ಯಕ್ಕಾ."

"ಫ್ರಿಜ್ಜ ಒಯ್ಯಾಕ ಗಾಡಿ ಕಳಸಂತ ಹೇಳವಗ."